ಒಂದೇ ನಮೂನೆಯ ಎರಡು ಟೀವಿ

ನನಗೆ ಅನುಮಾನ ಜಾಸ್ತಿ ಅಂತ ನನ್ನ ಗಂಡ ಹೇಳುವುದುಂಟು. ಹೇಳಲಿ. ಬಂದರಿನಲ್ಲಿ ಬುಟ್ಟಿ ಇಟ್ಟು ಮೀನು ಮಾರಿದವಳ ಮಗಳು ನಾನು. ಕಿವಿರು ಎತ್ತಿ ಒಳಗೆ ಕೆಂಪಗೆ ಉಂಟಾ ಅಂತ ನೋಡದೆ ಒಂದು ಮೀನನ್ನೂ ಮನೆಗೆ ತಂದವಳಲ್ಲ. ಮತ್ತೆ ಇಪ್ಪತ್ತು ವರ್ಷ ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟಿದ್ದೇನೆ. ಬರೀ ರಿಪೋರ್ಟ್ ತೋರಿಸಲಿಕ್ಕೆ ಅಂತ ಒಳಗೆ ನುಗ್ಗಿ ಅರ್ಧ ಗಂಟೆ ಕೂರುವವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಹಾಗಾಗಿ ಅಮ್ಮನ ವರ್ಷಾಂತಿಕದ ಹಿಂದಿನ ದಿನ ನಮ್ಮ ಟೀವಿಯಲ್ಲಿ ಚಿತ್ರ ಬಾರದೆ ಹೋದಾಗ ನನಗೆ ಮೊದಲು ನೆನಪಾದದ್ದು ವಯರ್ ಅಲ್ಲ, ಅತ್ತಿಗೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಮಣ್ಣಗುಡ್ಡದ ಒಂದೇ ಬಿಲ್ಡಿಂಗಿನಲ್ಲಿ ನಾವು ಎರಡನೇ ಮಾಳಿಗೆಯಲ್ಲಿ, ಅವರು ಸರೀ ನಮ್ಮ ತಲೆಯ ಮೇಲೆ. ಕೊನೆಯ ನಾಲ್ಕು ವರ್ಷ ಅಮ್ಮ ಒಂದು ತಿಂಗಳು ಮೇಲೆ, ಒಂದು ತಿಂಗಳು ಕೆಳಗೆ ಅಂತ ಇದ್ದಳು. ಹೊಸ ಟೀವಿ ತೆಗೆಯುವಾಗ ಅವಳದ್ದು ಒಂದೇ ಹಟ, ಎರಡೂ ಮನೆಗೆ ಒಂದೇ ನಮೂನೆಯದ್ದು ಬೇಕು ಅಂತ. ಇಲ್ಲದಿದ್ದರೆ ತಿಂಗಳು ತಿಂಗಳು ಹೊಸ ರಿಮೋಟ್ ಕಲಿಯುತ್ತಾ ಕೂರಬೇಕಾ ಅಂತ ಕೇಳಿದಳು. ಅಣ್ಣನೂ ನನ್ನ ಗಂಡನೂ ಒಟ್ಟಿಗೆ ಹೋಗಿ ಒಂದೇ ಅಂಗಡಿಯಿಂದ ಎರಡು ತಂದರು. ಆಗ ನಾವೆಲ್ಲ ಮಾತಾಡುತ್ತಿದ್ದೆವು.

ಮೇಲಿನಿಂದ ಇಳಿದು ಬಂದಾಗಲೆಲ್ಲ ನಾನು ಅಮ್ಮನ ಮುಂಗೈ ಹಿಡಿದು ನೋಡುತ್ತಿದ್ದೆ, ಸಪೂರ ಆಗಿದ್ದಾಳಾ ಅಂತ. ಒಂದು ದಿನ ಊಟಕ್ಕೆ ಕೂತಿದ್ದಾಗ ಎದುರಿಗೆ ನೀರಿನ ಚೊಂಬಿಗೆ ಫೋನ್ ಒರಗಿಸಿ, ಗೊತ್ತಾಗದ ಹಾಗೆ ವಿಡಿಯೋ ಹಾಕಿ ಕೇಳಿದೆ. ಮೇಲೆ ಮೀನು ಕೊಡ್ತಾರಾ ಇಲ್ವಾ, ಸತ್ಯ ಹೇಳು ಅಂತ. ಅಮ್ಮ ತಟ್ಟೆ ನೋಡುತ್ತಾ ಹೇಳಿದಳು: "ಮೇಲೆ ನನಗೆ ಬಂಗುಡೆ ಇಲ್ಲ."

ನನಗೆ ಅಷ್ಟೇ ಸಾಕಿತ್ತು. ಜೀವಮಾನವಿಡೀ ಊರಿಗೆಲ್ಲ ಬಂಗುಡೆ ತಿನ್ನಿಸಿದವಳಿಗೆ ಬಂಗುಡೆ ಇಲ್ಲ ಅಂದರೆ ಎಂತ ಮನೆ ಅದು? ಎರಡು ತಿಂಗಳಲ್ಲಿ ಅಮ್ಮ ಜ್ವರ ಬಂದು ಹೋದಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟದ ದಿನ, ನಾಲ್ಕು ಜನ ಕೇಳುವ ಹಾಗೆ, ಕೆಲವರಿಗೆ ಮುದುಕಿಯ ಹೊಟ್ಟೆ ಕಾಣುವುದಿಲ್ಲ ಅಂತ ಚುಚ್ಚಿದೆ. ನಿನಗೆ ಎಂತ ಗೊತ್ತುಂಟು ಅಂತ ಮಾತ್ರ ಕೇಳಿ ಅತ್ತಿಗೆ ಮೇಲೆ ಹೋದರು. ಮತ್ತೆ ಒಂದು ವರ್ಷ ಮಾತಿಲ್ಲ. ಅಣ್ಣ ಸಹ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಫೋನ್ ಒತ್ತಲು ಶುರು ಮಾಡುತ್ತಿದ್ದ.

ಅಮ್ಮ ನನ್ನ ತಿಂಗಳಲ್ಲಿ ಹೋದದ್ದರಿಂದ ವರ್ಷದ ಎಡೆ ಇಡುವುದೂ ನಮ್ಮಲ್ಲೇ. ಮಲ್ಪೆಯಿಂದ ಅಕ್ಕ ಬರುವವಳಿದ್ದಳು, ಮೇಲಿನವರೂ ಬರಲೇಬೇಕು. ಊಟ ಆದ ಮೇಲೆ ಆ ವಿಡಿಯೋವನ್ನು ಟೀವಿಯಲ್ಲಿ ದೊಡ್ಡದಾಗಿ ಹಾಕುವುದು ಅಂತ ನಾನು ತೀರ್ಮಾನಿಸಿದ್ದೆ. ಅಕ್ಕನಿಗೆ ಒಂದು ತೋರಿಸ್ಲಿಕ್ಕುಂಟು ಅಂತ ಫೋನಿನಲ್ಲಿ ಹೇಳಿಯೂ ಆಗಿತ್ತು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದರೂ ಆ ಒಂದು ಮಾತಿಗೆ ನಿಲ್ಲಿಸುತ್ತಿದ್ದೆ. ಮುಂದೆ ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಒಮ್ಮೆ ಪರೀಕ್ಷೆ ಮಾಡುವ ಅಂತ ಲ್ಯಾಪ್‌ಟಾಪಿಗೆ ವಯರ್ ಚುಚ್ಚಿ ಟೀವಿಗೆ ಕೊಟ್ಟರೆ ಕಪ್ಪು ಪರದೆ, ನಡುವಿನಲ್ಲಿ ನೋ ಸಿಗ್ನಲ್. ಒಂದನೇ ತೂತಿನಿಂದ ತೆಗೆದು ಎರಡನೆಯದಕ್ಕೆ ಹಾಕಿದೆ. ರಿಮೋಟಿನಲ್ಲಿ ಇನ್‌ಪುಟ್ ಬದಲಿಸಿದೆ. ವಯರಿನ ಆ ತುದಿ ಈ ತುದಿ ತಿರುಗಿಸಿದೆ. ಗಂಡ ಕನ್ನಡಕ ಏರಿಸಿ ತುದಿ ನೋಡಿ, ಕಿಲುಬು ಹಿಡಿದಿದೆ ಮಾರಾಯ್ತಿ, ಕಡಲ ಗಾಳಿಗೆ ಯಾವುದು ಉಳಿಯುತ್ತದೆ ಅಂದರು. ನಾನು ನಂಬಲಿಲ್ಲ. ಹಿಂದಿನ ವಾರ ನಾನು ಇಲ್ಲದಾಗ ಅತ್ತಿಗೆ ನಮ್ಮ ಬಾಗಿಲಿಗೆ ಬಂದು, ಎಡೆಗೆ ಎಂತ ಎಂತ ಮಾಡುವುದು ಅಂತ ಗಂಡನ ಹತ್ತಿರ ಕೇಳಿ ಹೋಗಿದ್ದರು. ಒಳಗೆ ಬಂದಿದ್ದರಾ ಅಂತ ಕೇಳಿದೆ. ಬಂದು ಅಮ್ಮನ ಫೋಟೋ ನೋಡಿದರು ಅಂತ ಹೇಳಿದರು. ಆ ಫೋಟೋ ಇರುವುದು ಟೀವಿಯ ಮೇಲೆಯೇ. ಗಂಡ ನಗಾಡಿದರು, ನನಗೆ ಸಿಟ್ಟು ಬಂತು.

ವಯರ್ ಇಲ್ಲದೆಯೂ ಆಗುತ್ತದಂತೆ ಅಂತ ಅವರೇ ಹೇಳಿದರು. ಲ್ಯಾಪ್‌ಟಾಪಿನಲ್ಲಿ ಹುಡುಕಿದಾಗ ನಮ್ಮ ಟೀವಿಯ ಹೆಸರು ಬಂತು, ಒತ್ತಿದೆ. ಸ್ವಲ್ಪ ಹೊತ್ತು ತಿರುಗಿ ಕನೆಕ್ಟೆಡ್ ಅಂತ ತೋರಿಸಿತು. ವಿಡಿಯೋ ಹಾಕಿದೆ. ಟೀವಿ ಮಾತ್ರ ಕಪ್ಪು. ಲ್ಯಾಪ್‌ಟಾಪಿನಲ್ಲಿ ಅಮ್ಮನ ಬಾಯಿ ಆಡುತ್ತಾ ಉಂಟು, ಆದರೆ ಸ್ವರ ಇಲ್ಲ. ಇದ್ದ ಒಂದು ಸಾಕ್ಷಿಯ ಸ್ವರವೂ ಹೋಯಿತಾ? ಅಷ್ಟರಲ್ಲಿ ಮೇಲಿನಿಂದ ಟೀವಿಯ ಗುಂಯ್ ಗುಂಯ್ ಕೇಳಿಸಿತು. ನೋಡಿ, ನಾಳೆ ಅತ್ತೆಯ ವರ್ಷಾಂತಿಕ, ಇವತ್ತು ಇವರಿಗೆ ಸೀರಿಯಲ್ ಅಂತ ಗಂಡನಿಗೆ ಹೇಳಿದೆ.

ಸ್ವರ ಎಲ್ಲಿಯಾದರೂ ಬರುತ್ತದಾ ಅಂತ ಆ ಸಲ ವಿಡಿಯೋ ನಿಲ್ಲಿಸದೆ ಬಿಟ್ಟೆ. ಅಮ್ಮ ಆ ಮಾತು ಹೇಳಿದಳು, ತುಟಿಯ ಆಕಾರದಲ್ಲೇ ನನಗೆ ಗೊತ್ತು. ಆಮೇಲೆ ನಾನು ಎದ್ದು ಹೋದದ್ದು ಕಂಡಿತು, ಕುಕ್ಕರ್ ಕೂಗಿರಬೇಕು. ಫೋನ್ ಅಲ್ಲೇ ಇತ್ತು. ಅಮ್ಮ ಒಬ್ಬಳೇ. ನಾನು ಹಾಕಿದ ಬಂಗುಡೆಯ ತುಂಡನ್ನು ಬೆರಳಿನಲ್ಲಿ ಒತ್ತಿ ಒತ್ತಿ ಹುಡುಕಿದಳು. ಕಣ್ಣಿನ ಹತ್ತಿರ ಹಿಡಿದಳು. ಒಂದು ಚೂರು ಬಾಯಿಗೆ ಇಟ್ಟು, ಮತ್ತೆ ತೆಗೆದಳು. ಆಮೇಲೆ ನಾನು ಹೋದ ಕಡೆ ಒಮ್ಮೆ ನೋಡಿ, ಇಡೀ ತುಂಡನ್ನು ಕಿಟಕಿಯ ಹೊರಗೆ ಕಾಗೆಗೆ ಹಾಕಿ, ಬರಿ ಸಾರನ್ನ ತಿಂದಳು. ನಾನು ವಾಪಸು ಬಂದು ತಟ್ಟೆ ನೋಡಿ ಖುಷಿಯಲ್ಲಿ ಇನ್ನೊಂದು ತುಂಡು ಹಾಕುವಲ್ಲಿಗೆ ವಿಡಿಯೋ ಮುಗಿಯಿತು.

ಮೇಲಿನ ಗುಂಯ್ ಗುಂಯ್ ಸಹ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ಅತ್ತಿಗೆ. ಅತ್ತು ಕೆಂಪಾದ ಮುಖ.

"ನಮ್ಮ ಟೀವಿಯಲ್ಲಿ ನಿನ್ನ ಹೆಸರು ಬಂತು," ಅಂದರು. "ಒಳಗೆ ಬಿಡ್ಬಹುದಾ ಅಂತ ಕೇಳ್ತು. ನಾನು ಬಿಟ್ಟೆ."

ಎರಡೂ ಟೀವಿಗೆ ಕಂಪನಿಯವರು ಇಟ್ಟದ್ದು ಒಂದೇ ಹೆಸರು. ವಯರಿಲ್ಲದೆ ನೋಡುವುದನ್ನು ಅಣ್ಣ ಕ್ರಿಕೆಟಿಗಾಗಿ ಮೇಲೆ ಶುರು ಮಾಡಿ ಇಟ್ಟಿದ್ದ, ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ಚಿತ್ರವೂ ಸ್ವರವೂ ಪೂರಾ ಮೇಲೆ ಹೋಗಿತ್ತು. ನಾನು ಅಮ್ಮನನ್ನು ಪೊಲೀಸರ ಹಾಗೆ ಕೇಳಿದ್ದನ್ನೂ ಅತ್ತಿಗೆ ಕೇಳಿದ್ದರು, ಕಾಗೆಗೆ ಹಾಕಿದ್ದನ್ನೂ ನೋಡಿದ್ದರು.

ಅತ್ತಿಗೆ ನಿಂತಲ್ಲೇ ಹೇಳಿದರು. ಮಾಮಿಗೆ, ಅಂದರೆ ನನ್ನ ಅಮ್ಮನಿಗೆ, ಮೇಲೆ ಇದ್ದಾಗ ಒಮ್ಮೆ ಬಂಗುಡೆಯ ಮುಳ್ಳು ಗಂಟಲಲ್ಲಿ ಸಿಕ್ಕಿ ತುಂಬಾ ಕಷ್ಟ ಆಗಿತ್ತಂತೆ. ಕಣ್ಣು ಮಂಜು, ಬೆರಳಿಗೆ ಮುಳ್ಳು ಗೊತ್ತಾಗುವುದಿಲ್ಲ. ಅದರ ನಂತರ ಅತ್ತಿಗೆ ಬಂಗುಡೆ ನಿಲ್ಲಿಸಿ, ಕಾಣೆ ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ ಕಲಸಿ ಕೊಡುತ್ತಿದ್ದರಂತೆ.

"ನನಗೆ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ.

"ಮಾಮಿ ಆಣೆ ಹಾಕಿಸಿದ್ರು. ನಲವತ್ತು ವರ್ಷ ಮೀನು ಮಾರಿದವಳಿಗೆ ಮುಳ್ಳು ತೆಗೀಲಿಕ್ಕೆ ಬರುವುದಿಲ್ಲ ಅಂತ ಮಗಳಿಗೆ ಗೊತ್ತಾಗ್ಬಾರ್ದು ಅಂತ."

ಅವರು ಹೋಗಲು ತಿರುಗಿದರು. ಆಮೇಲೆ ನಿಂತು, ನಾಳೆ ಎಡೆಗೆ ಬಂಗುಡೆ ಇಡುವುದಾದರೆ ಮುಳ್ಳು ತೆಗೆದು ಇಡು ಅಂದರು. ನನಗೆ ಸರಿಯಾಗಿ ಬರುವುದಿಲ್ಲ, ನೀವೇ ಬಂದು ತೆಗೀರಿ ಅತ್ತಿಗೆ ಅಂತ ಹೇಳಿದೆ.

ಮರುದಿನ ಬೆಳಿಗ್ಗೆಯೇ ಬಂದು ನನ್ನ ಅಡುಗೆಮನೆಯಲ್ಲಿ ಕೂತು ತೆಗೆದರು. ಎಡೆ ಇಟ್ಟೆವು, ಊಟ ಆಯಿತು. ಟೀವಿಯ ಹತ್ತಿರ ಲ್ಯಾಪ್‌ಟಾಪ್ ಇನ್ನೂ ಹಾಗೇ ಇತ್ತು. ಅಕ್ಕ ಅದನ್ನು ನೋಡಿ, ಎಂತದೋ ತೋರಿಸ್ತೇನೆ ಅಂದಿದ್ದೆಯಲ್ಲ, ಹಾಕು ನೋಡುವ ಅಂದಳು. ಅಣ್ಣನೂ ಕುರ್ಚಿ ತಿರುಗಿಸಿದ. ನಾನು ವಯರ್ ಹುಡುಕುವವಳ ಹಾಗೆ ಬಗ್ಗಿದೆ.

ಬಾಳೆಲೆ ಮಡಚುತ್ತಿದ್ದ ಅತ್ತಿಗೆ ತಲೆ ಎತ್ತದೆ ಹೇಳಿದರು: "ನಿನ್ನೆ ತುಂಬಾ ನೋಡಿದೆವು. ಆ ಟೀವಿಯಲ್ಲಿ ಚಿತ್ರ ಬರುವುದಿಲ್ಲ."