ತೆಗೆಯದೆ ಉಳಿದ ಹಾಳೆ

ಮಗಳ ಜ್ವರ ಇಳಿದಿತ್ತು. ಆದರೆ ಊಟಕ್ಕೆ ಕೂತ ತಾಯಿ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತಿದ್ದಳು. ಟೈಲರಮ್ಮ ತನ್ನ ಕೈಲಿರುವ ಬಾಡಿಗೆ ಕಾನೂನಿನ ಹಾಳೆಯನ್ನು ನಂಬಿಕೊಂಡು ನಿಶ್ಚಿಂತೆಯಿಂದ ಕೂತಿದ್ದಾಳೆ. ಆ ಹಾಳೆ ಹಳೆಯದು. ಕೊಟ್ಟವಳು ತಾನು. ಬೆಳಗಿನಿಂದ ಈ ಚಿಂತೆ ಜಿಗಣೆಯಂತೆ ಅಂಟಿಕೊಂಡಿತ್ತು.

ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ಕಾನೂನು ವಿಭಾಗವನ್ನು ಕಟ್ಟಿದವಳು ಅವಳೇ. ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ಯಾವುದೋ ವಕೀಲರ ಮನೆಯವರು ಅಟ್ಟ ಖಾಲಿ ಮಾಡಲು ತಂದು ಸುರಿದ ದಪ್ಪ ಪುಸ್ತಕಗಳು. ಅರ್ಧಕ್ಕರ್ಧ ಯಾವತ್ತೋ ರದ್ದಾದ ಕಾನೂನುಗಳು. ಅವುಗಳನ್ನು ಉಗ್ರಾಣಕ್ಕೆ ಸಾಗಹಾಕಿ, ಬಾಡಿಗೆ, ಕೂಲಿ, ಜೀವನಾಂಶ ಎಂದು ಜನ ನಿಜವಾಗಿ ಕೇಳಿಕೊಂಡು ಬರುವ ವಿಷಯಗಳಿಗೆ ಬಿಡಿಹಾಳೆಯ ಕಡತಗಳನ್ನು ತರಿಸಿದಳು. ಕಾನೂನು ತಿದ್ದುಪಡಿಯಾದಾಗಲೆಲ್ಲ ಹೊಸ ಹಾಳೆಗಳ ಕಟ್ಟು ಬರುತ್ತದೆ. ಕಡತದ ಉಂಗುರ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಸೇರಿಸಬೇಕು. ಬೇಸರದ ಕೆಲಸ, ಅವಳಿಗೆ ಹೇಳಿ ಮಾಡಿಸಿದ್ದು. ಬೀಗ ಹಾಕಿ ಬಂದಮೇಲೂ ಮತ್ತೆ ಎಳೆದು ನೋಡುವ ಜೀವ ಅದು. ಕಾನೂನು ಓದದಿದ್ದರೂ ಸಹೋದ್ಯೋಗಿಗಳ ಬಾಯಲ್ಲಿ ಅವಳು ‘ಲಾಯರಮ್ಮ’.

ಸೋಮವಾರ ಬಾಡಿಗೆ ಕಾನೂನಿನ ಕಡತ ಬಿಚ್ಚುವ ಹೊತ್ತಿಗೆ ಶಿಶುವಿಹಾರದಿಂದ ಫೋನು: ಮಗುವಿನ ಮೈ ಕೆಂಡದಂತೆ ಸುಡುತ್ತಿದೆ. ಹೊಸ ಕಟ್ಟನ್ನು ಡ್ರಾಯರಿಗೆ ತುರುಕಿ, ಕಡತವನ್ನು ಇದ್ದ ಹಾಗೇ ಕಪಾಟಿಗಿಟ್ಟು, ಚೀಲ ಹೆಗಲಿಗೇರಿಸಿದಳು. ಆಗಲೇ ಎದುರು ಬಂದು ನಿಂತವಳು ಬೀದಿ ತುದಿಯ ಟೈಲರಮ್ಮ.

“ಅಂಗಡಿ ಖಾಲಿ ಮಾಡು ಅಂತ ಓನರ್ ನೋಟೀಸ್ ಕೊಟ್ಟಿದ್ದಾನೆ ಕಣಮ್ಮ. ಬಂದು ಎರಡು ವಾರ ಆಯ್ತು. ಉತ್ತರ ಕೊಡೋಕೆ ಎಷ್ಟು ಟೈಮಿದೆ ಅಂತ ಒಸಿ ನೋಡ್ತೀಯಾ?”

ಅವಳು ಅದೇ ಕಡತ ಎಳೆದು, ಪುಟ ತೆರೆದು, ಜೆರಾಕ್ಸ್ ತೆಗೆದು ಕೈಗಿತ್ತಳು. ಮನಸ್ಸೆಲ್ಲ ಥರ್ಮಾಮೀಟರಿನ ಮೇಲಿತ್ತು.

“ಅಬ್ಬಾ, ಮೂರು ತಿಂಗಳಿದೆ!” ಟೈಲರಮ್ಮನ ಮುಖ ಅರಳಿತು. “ಹಾಗಾದ್ರೆ ಸ್ಕೂಲ್ ಯೂನಿಫಾರಂ ಎಲ್ಲ ಹೊಲಿದು ಮುಗಿಸಿ, ಆಮೇಲೆ ಆ ಮಹಾನುಭಾವನನ್ನ ವಿಚಾರಿಸ್ಕೋತೀನಿ.” ಹೋಗುವಾಗ ಅಂಗಡಿಯ ಕಾರ್ಡು ಕೊಟ್ಟಳು. “ಮಗೂಗೆ ಫ್ರಾಕ್ ಬೇಕಾದ್ರೆ ಫೋನ್ ಮಾಡು. ನಿನ್ನ ಮಗು ಅಂದ್ಮೇಲೆ ಎರಡು ಜೇಬು ಜಾಸ್ತಿ.”

ಮಗಳು ಚೇತರಿಸಿಕೊಂಡು ಅವಳು ಕೆಲಸಕ್ಕೆ ಮರಳಿದ್ದು ಗುರುವಾರ. ಡ್ರಾಯರು ಎಳೆದಳು. ಹೊಸ ಹಾಳೆಯ ಪ್ರಕಾರ ಗಡುವು ಒಂದೇ ತಿಂಗಳು. ಅದು ದಾಟಿದರೆ ಬಾಡಿಗೆದಾರರ ತಕರಾರನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಟೈಲರಮ್ಮನಿಗೆ ಫೋನ್ ಮಾಡಿ ತಿಳಿಸಲೇ ಎಂದು ಕೇಳಲು ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

“ನಾವು ಪುಸ್ತಕ ತೋರಿಸೋರು, ಸಲಹೆ ಕೊಡೋರಲ್ಲ. ನೀವಾಗೇ ಫೋನ್ ಮಾಡಿದ್ರೆ, ನಾಳೆ ಲೈಬ್ರರಿಯವರೇ ಹೀಗಂದ್ರು ಅಂತ ನಮ್ಮ ತಲೆಗೇ ಕಟ್ತಾರೆ. ಹಾಳೆ ಬದಲಾಯಿಸಿ ತೆಪ್ಪಗಿರಿ.”

ಅವಳು ಬದಲಾಯಿಸಿದಳು. ಹಳೆಯ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದಳು. ಇನ್ನು ಆ ಕಡತದಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ತಪ್ಪು ಈಗ ಬೀದಿ ತುದಿಯಲ್ಲಿ, ಟೈಲರಮ್ಮನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲೋ ಎಲ್ಲೋ ಇತ್ತು.

ಸಂಜೆ ವಿಷಯವೆಲ್ಲ ಕೇಳಿದ ಗಂಡ ಅವಳ ತಟ್ಟೆ ನೋಡಿದ. “ಮಗೂಗೆ ಸೊಳ್ಳೆ ಕಚ್ಚಿದ್ರೂ ಡಾಕ್ಟರಿಗೆ ಫೋನ್ ಮಾಡಿ ಪ್ರಾಣ ತಿಂತೀಯ. ಇದಕ್ಯಾಕೆ ಇಷ್ಟು ಮೀನಮೇಷ?”

“ಸಲಹೆ ಕೊಟ್ಟ ಹಾಗಾಗುತ್ತಲ್ಲ ರೀ.”

“ಹಳೇ ಹಾಳೆ ಕೊಟ್ಟೆಯಲ್ಲ, ಅದೇನು ಸಲಹೆನಾ?”

“ಅಲ್ಲ. ಕೇಳಿದ್ರು, ತೋರಿಸ್ದೆ.”

“ಮತ್ತೆ ಹೊಸದೂ ತೋರಿಸು.”

ಅವಳು ತಟ್ಟೆ ಸರಿಸಿ ಎದ್ದಳು. ಕೈ ತೊಳೆದು, ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಕಾರ್ಡು ತೆಗೆದಳು. ಮಗಳು ಅದರ ಮೂಲೆ ಅಗಿದಿದ್ದಳು; ಪುಣ್ಯಕ್ಕೆ ನಂಬರು ಉಳಿದಿತ್ತು. ಒಮ್ಮೆ ಒತ್ತಿ, ಫೋನು ಕಟ್ ಮಾಡಿದಳು. ಮತ್ತೆ ಒತ್ತಿದಳು.

ಆ ಕಡೆ ಮೆಷಿನ್ನಿನ ಕಟಕಟ. “ಯಾರು? ಓ, ಲೈಬ್ರರಿಯಮ್ಮನಾ! ಫ್ರಾಕಿಗಾ?”

“ಫ್ರಾಕಿಗಲ್ಲಮ್ಮ. ನಾನು ನಿಮಗೆ ಕೊಟ್ಟ ಹಾಳೆ ಹಳೇದು. ತೆಗೆದುಹಾಕ್ಬೇಕಿತ್ತು, ಹಾಕಿರ್ಲಿಲ್ಲ. ಹೊಸದ್ರಲ್ಲಿ ಇರೋದು ಒಂದೇ ತಿಂಗಳು.”

ಕಟಕಟ ನಿಂತಿತು. ಟೈಲರಮ್ಮನ ದನಿ ಬಂತು, ಎಂದಿಗಿಂತ ಸಣ್ಣಗೆ:

“ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?”