ಡೈರಿ ದಾರಿಯ ಹೊಂಗೆಗಳು

ಬಿಂಡಿಗನವಿಲೆಯ ಡೈರಿ ಹತ್ತಿರ, ನಾಗಮಂಗಲದ ಬಸ್ಸಿಗೆ ಕಾಯುತ್ತಾ ಹೊಂಗೆಯ ನೆರಳಲ್ಲಿ ನಿಂತಿದ್ದೇನೆ. ಹೆಗಲ ಮೇಲೆ ಹೂವು ಉದುರುತ್ತಿದೆ. ನೀವು ಪಕ್ಕದಲ್ಲಿದ್ದರೆ ನಿಮಗೆ ಹೂವಿನ ವಾಸನೆ ಬರುತ್ತಿತ್ತು. ನನಗೆ ಬರುವುದು ಹುಳಿ ಹಾಲಿನ ವಾಸನೆ. ಈ ನೆನಪನ್ನು ಪೂರ್ತಿ ನಂಬಬೇಡಿ. ಗೆದ್ದವರ ನೆನಪು ತಲೆ ಬಾಚಿಕೊಂಡೇ ಹೊರಗೆ ಬರುತ್ತದೆ.

ನಾವು ನಾಲ್ಕೈದು ಜನ ಪರಿಸರ ಸಂಘ ಕಟ್ಟಿದ್ದೆವು. ಅನುದಾನ ಬಂತು, ಈ ರಸ್ತೆಗೆ ಸಾಲಾಗಿ ಹೊಂಗೆ ನೆಟ್ಟೆವು, ಟ್ಯಾಂಕರಿನಲ್ಲಿ ನೀರು ಹಾಕಿಸಿದೆವು. ಗಿಡಗಳಿಗಿಂತ ಎತ್ತರವಾಗಿ ‘ಸರ್ಕಾರದ ಅನುದಾನದಿಂದ’ ಎಂಬ ಬೋರ್ಡನ್ನೂ ನೆಟ್ಟೆವು. ಮರು ಬೇಸಿಗೆಗೆ ಅನುದಾನ ನಿಂತಿತು, ಟ್ಯಾಂಕರೂ ನಿಂತಿತು. ಎಲೆಗಳು ಜೋತುಬಿದ್ದವು. ದೇಣಿಗೆ ಕೇಳಲು ನಾನು ಡೈರಿ ಮುಂದೆ ನಿಂತು ಭಾಷಣ ಮಾಡಿದೆ. ಒಂದು ನಾಯಿ ಕೊನೆಯವರೆಗೂ ಕೇಳಿತು.

ಹಾಲು ಹಾಕಿ ಬಂದ ಜಯಕ್ಕ ನಲ್ಲಿಯಲ್ಲಿ ಕ್ಯಾನು ತೊಳೆದು ನೀರನ್ನು ಚರಂಡಿಗೆ ಚೆಲ್ಲುತ್ತಿದ್ದಳು.

“ಗಿಡ ಒಣಗೋಯ್ತಾವೆ, ಏನಾದ್ರೂ ಕೊಡಕ್ಕ” ಎಂದೆ.

“ಸರ್ಕಾರದ ಗಿಡಕ್ಕೆ ನಾನ್ಯಾಕ್ಲಾ ಕೊಡ್ಲಿ? ಬೋರ್ಡು ಆಕಿದ್ದೀಯಲ್ಲ, ಅವರ್ನೇ ಕೇಳೋಗು.”

“ಅವರು ನಿಲ್ಲುಸ್ಬುಟ್ರು.”

“ಅಂಗಾರೆ ಈಗ ಯಾರ್ದು?”

ಕೈಲಿದ್ದ ರಸೀದಿ ಪುಸ್ತಕ ಮುಚ್ಚಿದೆ. “ನಿಮ್ದೇ.”

“ಅದ್ನ ಮೊದ್ಲೇ ಬೊಗಳಕ್ಕೆ ಏನಾಗಿತ್ತು?”

ನಲ್ಲಿಯಿಂದ ಕ್ಯಾನಿಗೆ ನೀರು ತುಂಬಿಸಿಕೊಂಡು, ಮನೆಯ ದಾರಿಯ ಮೊದಲ ಗಿಡದ ಬುಡಕ್ಕೆ ಸುರಿದಳು. ಹಿಂದೆ ಬರುತ್ತಿದ್ದವಳಿಗೆ, “ಏನಮ್ಮಿ ಮಂಜಿ, ಖಾಲಿ ಕ್ಯಾನ್ ಮೆರವಣಿಗೆ ಮಾಡ್ತಿದ್ದೀಯಾ? ಮುಂದಿಂದು ನಿಂದು” ಎಂದಳು. ಮೊದಲು ಸುರಿದವಳು ತಾನೇ ಎಂದು ಮಂಜಿ ಇವತ್ತಿಗೂ ಜಗಳಕ್ಕೆ ಬರುತ್ತಾಳೆ. ಇರಬಹುದು.

ಅಲ್ಲಿಂದ ಮುಂದೆ ಬೆಳಿಗ್ಗೆ, ಸಂಜೆ, ಹಾಲು ಹಾಕಿದವರೆಲ್ಲ ಹೋಗುವ ದಾರಿಯ ಗಿಡಕ್ಕೆ ಒಂದೊಂದು ಕ್ಯಾನು ನೀರು ಹಾಕಿದರು. ಹಾಲಿನ ವಾಸನೆಗೆ ನಾಯಿಗಳು ಬುಡ ನೆಕ್ಕುತ್ತಿದ್ದವು. ನನ್ನ ರಸೀದಿ ಪುಸ್ತಕದ ಒಂದು ಹಾಳೆಯೂ ಹರಿಯಲಿಲ್ಲ. ಮಳೆ ಬಂದಾಗ ಎಲ್ಲ ಗಿಡವೂ ಚಿಗುರಿತು. ಎಲ್ಲವೂ? ಸರಿ, ಒಂದನ್ನು ಮೇಕೆ ತಿಂದಿತು.

ಆಮೇಲೆ ಅನುದಾನ ಮತ್ತೆ ಬಂತು. ಖುಷಿಯಿಂದಲೇ ತೆಗೆದುಕೊಂಡೆವು, ಬೇಲಿಗೆ, ಹೊಸ ಸಸಿಗೆ ಅದು ಬೇಕು, ಬೇಡವೆನ್ನುವಷ್ಟು ದೊಡ್ಡವರು ನಾವಲ್ಲ. ಹೊಸ ಬೋರ್ಡೂ ಬಂತು. “ಆಕ್ಕೊ, ಕೆಳಗಡೆ ನಮ್ಮೆಸರೂ ಬರ್ಸು” ಎಂದಳು ಜಯಕ್ಕ. ಬರೆಸಿದೆ. ಈಗ ಓದೋಣವೆಂದರೆ ಬೋರ್ಡೇ ಕಾಣುವುದಿಲ್ಲ, ಕೊಂಬೆಗಳು ನುಂಗಿವೆ.

ಬಸ್ಸು ತಿರುವಿನಲ್ಲಿ ಕಂಡಿತು. ಅದೇ ಹೊತ್ತಿಗೆ ಡೈರಿಯಿಂದ ಜಯಕ್ಕ ನೀರು ತುಂಬಿದ ಕ್ಯಾನು ಹಿಡಿದು ಬಂದಳು.

“ಏನ್ಲಾ, ಬರಿಗೈಲಿ ನಿಂತಿದ್ದೀಯ? ಆ ತುದೀಲಿ ಮೇಕೆ ತಿಂದ ಜಾಗಕ್ಕೆ ಮೊನ್ನೆ ಸಸಿ ಮಡಗಿದ್ದೀವಿ.”

ಕ್ಯಾನು ಇಸಿದುಕೊಂಡೆ. ಕಂಡಕ್ಟರು ಕೂಗಿದ. ಹೋಗು ಎಂದು ಕೈ ಬೀಸಿ, ನೆರಳಿನಲ್ಲೇ ಸಾಲಿನ ತುದಿಯವರೆಗೂ ನಡೆದೆ.