ತೊಟ್ಟಿಲ ಅಡಿಯ ಹೆಸರು

ಪುತ್ತಿಗೆಯ ಶಶಿಪ್ರಭಾ ಮನೆಯಲ್ಲಿ ರವಕೆ ಹೊಲಿಯುತ್ತಾಳೆ, ಜೊತೆಗೆ ಮಹಿಳಾ ಮಂಡಲದ ಕಾರ್ಯದರ್ಶಿ. ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಯಾರಿಗೋ ತೊಟ್ಟಿಲು ಬೇಕಾಗಿದೆ ಎಂದೇ ಲೆಕ್ಕ, ಅಂತ ಅಕ್ಕಪಕ್ಕದವರು ನಗುತ್ತಾರೆ.

ಅದು ಶುರುವಾದದ್ದು ಮಗಳು ಸಾತ್ವಿಕಾಳಿಂದ. ಮಗಳು ಓಡಾಡಲು ಕಲಿತ ಮೇಲೆ ತೊಟ್ಟಿಲನ್ನು ಅಟ್ಟಕ್ಕೆ ಹಾಕುವ ಬದಲು, ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ಬಾಣಂತಿಗೆ ಕೊಟ್ಟಳು. ಅಲ್ಲಿಂದ ಅದು ಇನ್ನೊಂದು ಮನೆಗೆ ಹೋಯಿತು. ಅದನ್ನು ನೋಡಿ ಊರವರೂ ಮೂಲೆಗೆ ಸೇರಿದ್ದ ತೊಟ್ಟಿಲುಗಳನ್ನು ತಂದುಕೊಟ್ಟರು. ಮಂಡಲದ ಹತ್ತಿರ ನಾಲ್ಕಾದವು. ಬಾಡಿಗೆ ಕೋಣೆಗಳ ತಾರಸಿಯಲ್ಲಿ ನೇತುಹಾಕಲು ಕೊಂಡಿ ಇರುವುದಿಲ್ಲವೆಂದು ನಾಲ್ಕಕ್ಕೂ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದವಳೂ ಅವಳೇ.

ಒಂದು ವಿಷಯದಲ್ಲಿ ಮಾತ್ರ ಅವಳದು ಹಟ. ಮಂಡಲದ ಹೆಸರನ್ನು ಬರೆಸಿದ್ದು ತೊಟ್ಟಿಲ ಅಡಿಗೆ, ಬದಿಗಲ್ಲ.

"ನಾಮಕರಣಕ್ಕೆ ನೆಂಟರು ಬರ್ತಾರೆ. ಮಗುವಿನ ಮುಖ ನೋಡುವ ಮೊದಲು, ಇದು ಕೇಳಿ ತಂದದ್ದು ಅಂತ ಓದ್ಲಿಕ್ಕೆ ಯಾಕೆ?"

ಈ ವರ್ಷ ಸ್ವಯಂಸೇವಾ ಸಂಘಗಳಿಗೆ ಸರಕಾರದ ಅನುದಾನ ಉಂಟೆಂದು ಗೊತ್ತಾದಾಗ, ಹೊಸ ತೊಟ್ಟಿಲುಗಳಿಗೆಂದು ಮಂಡಲ ಅರ್ಜಿ ಹಾಕಿತು. ಅವಸರಕ್ಕೆ ಕಾರಣ ಸುಪ್ರೀತಾ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ತವರು ಅಂತ ಯಾರೂ ಇಲ್ಲ, ಗಂಡ ಲಾರಿ ಓಡಿಸುವವ. ಹೆರಿಗೆ ಹತ್ತಿರ ಬಂದಿತ್ತು. ನಾಲ್ಕೂ ತೊಟ್ಟಿಲಲ್ಲಿ ಎಳೆಮಕ್ಕಳೇ ಇದ್ದುದರಿಂದ ಯಾವುದೂ ಬೇಗ ಖಾಲಿಯಾಗುವ ಹಾಗಿರಲಿಲ್ಲ. "ನಿನಗೊಂದು ಖಂಡಿತ ಕೊಡ್ತೇನೆ" ಎಂದು ಶಶಿಪ್ರಭಾ ಮಾತು ಕೊಟ್ಟಾಗಿತ್ತು.

ಪರಿಶೀಲನೆಗೆ ಬಂದ ಅಧಿಕಾರಿ ರಾಮಪ್ರಸಾದ್ ಮಂಡಲದ ಕೋಣೆ ತೆರೆಸಿ ನೋಡಿದರೆ ಒಳಗೆ ಒಂದು ಬೆಂಚು, ಒಂದು ಗೋಡೆ ಗಡಿಯಾರ.

"ನಿಮ್ಮ ಸೊತ್ತು ಎಲ್ಲಿ ಮೇಡಂ?"

"ಮಕ್ಕಳ ಕೆಳಗೆ ಉಂಟು ಸಾರ್."

ಅವರು ನಗಲಿಲ್ಲ. "ಸಂಘ ಕೆಲಸ ಮಾಡ್ತಾ ಉಂಟು ಅಂತ ನಾನು ಬರೀಬೇಕಾದರೆ ಒಂದು ತೊಟ್ಟಿಲಿನ ಫೋಟೋವಾದರೂ ಬೇಕು. ಸಂಘದ ಹೆಸರು ಅದರಲ್ಲಿ ಸ್ಪಷ್ಟ ಕಾಣಬೇಕು."

"ಹತ್ತಿರದಲ್ಲೇ ಒಂದು ಉಂಟು. ಹೋಗುವ."

ಆ ತೊಟ್ಟಿಲು ಇದ್ದದ್ದು ಬಾಣಂತಿ ವಿಸ್ಮಿತಾಳ ಮನೆಯಲ್ಲಿ. ಬಾಗಿಲಲ್ಲೇ ಅವಳ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. "ಈಗಷ್ಟೇ ಮಲಗಿದ್ದು. ಎಬ್ಬಿಸಿದವರೇ ತೂಗಬೇಕು, ಅದು ಈ ಮನೆಯ ಕಾನೂನು."

ರಾಮಪ್ರಸಾದ್ ತುದಿಗಾಲಲ್ಲಿ ತೊಟ್ಟಿಲಿಗೆ ಒಂದು ಸುತ್ತು ಬಂದರು. ಪಾಲಿಶ್ ಮಾಡಿದ ಮರ, ಮೇಲೆ ತೂಗುವ ಬಣ್ಣದ ಮಣಿ, ಹೆಸರು ಮಾತ್ರ ಇಲ್ಲ.

"ಅಡಿಯಲ್ಲಿ ಉಂಟು ಸಾರ್" ಎಂದು ಶಶಿಪ್ರಭಾ ಪಿಸುಗುಟ್ಟಿದಳು.

"ಅಡಿಯಲ್ಲಿ ಬರೆದರೆ ಯಾರಿಗೆ ಕಾಣ್ತದೆ?"

"ಯಾರಿಗೂ ಕಾಣಬಾರದು ಅಂತಲೇ ಬರೆಸಿದ್ದು."

ಅವರು ನಿಟ್ಟುಸಿರಿಟ್ಟರು. "ಹಾಗಾದರೆ ಬದಿಗೆ ಬರೆಸಿ ಇಡಿ. ಮುಂದಿನ ವರ್ಷದ ಪಟ್ಟಿಗೆ ಸೇರಿಸುವ."

ಮುಂದಿನ ವರ್ಷಕ್ಕೆ ಸುಪ್ರೀತಾಳ ಮಗು ಅಂಬೆಗಾಲಿಡುತ್ತಿರುತ್ತದೆ.

"ಇದಕ್ಕೆ ಈಗಲೇ ಬರೆಯಿರಿ ಅಕ್ಕ" ಎಂದಳು ವಿಸ್ಮಿತಾ. "ನಮ್ಮ ನಾಮಕರಣ ಆಗಿಯಾಯ್ತು, ನನಗೆ ಬೇಸರ ಇಲ್ಲ."

"ನಿನ್ನದು ಆಯ್ತು. ಇದರಲ್ಲಿ ಮುಂದೆ ಮಲಗುವ ಮಕ್ಕಳದ್ದು ಆಗ್ಲಿಲ್ಲ ಅಲ್ವಾ?" ಎಂದ ಶಶಿಪ್ರಭಾ ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಹೆಸರು ಕಾಣಬೇಕು ಅಂತ ಉಂಟು, ಸರಿ. ನಿಂತು ನೋಡಿದಾಗಲೇ ಕಾಣಬೇಕು ಅಂತ ಉಂಟಾ?"

ರಾಮಪ್ರಸಾದ್ ಮೊಬೈಲಿನಲ್ಲಿ ಆದೇಶ ತೆಗೆದು ಓದಿದರು. ಮತ್ತೊಮ್ಮೆ ಓದಿದರು.

"ಹಾಗೆಂತ ಇಲ್ಲ."

"ಹಾಗಾದರೆ ಸ್ವಲ್ಪ ಮಲಗಿ."

ಅತ್ತೆ ಚಾಪೆ ತಂದು ಹಾಸಿಯೇ ಬಿಟ್ಟರು. ರಾಮಪ್ರಸಾದ್ ಕಿಸೆಯ ಪೆನ್ನು ತೆಗೆದಿಟ್ಟು ಅಂಗಾತ ಮಲಗಿ, ಮೆಲ್ಲ ತೊಟ್ಟಿಲ ಅಡಿಗೆ ಜಾರಿದರು. "ಕಾಣ್ತದೆ, ಕಾಣ್ತದೆ" ಎಂಬ ಮಾತು ಒಳಗಿನಿಂದ ಬಂತು. ಹಿಂದೆಯೇ ಫ್ಲ್ಯಾಶ್ ಮಿಂಚಿತು. ಹೊರಬರುವ ಗಡಿಬಿಡಿಯಲ್ಲಿ ಅವರ ಹಣೆ ಹಲಗೆಗೆ ಬಡಿಯಿತು. ಮಗು ಕಣ್ಣು ಬಿಟ್ಟು, ಒಂದು ಕ್ಷಣ ಯೋಚಿಸಿ, ಮನೆ ಹಾರುವಂತೆ ಕಿರುಚಿತು.

ಯಾರೂ ಮುಂದೆ ಬರಲಿಲ್ಲ. ಮನೆಯ ಕಾನೂನು ಇತ್ತಲ್ಲ. ರಾಮಪ್ರಸಾದ್ ಚಾಪೆಯ ಮೇಲೆ ಎದ್ದು ಕೂತು ತೂಗತೊಡಗಿದರು. ಅಷ್ಟರವರೆಗೆ ಕಚೇರಿಯ ಕನ್ನಡ ಮಾತಾಡಿದವರು ಈಗ ತುಳುವಿಗೆ ಇಳಿದು "ಬುಲಿಪೊಡ್ಚಿ ಮಗಾ, ಬುಲಿಪೊಡ್ಚಿ" ಎಂದು ಅಳಬೇಡವೆಂದು ಬೇಡಿಕೊಂಡರು. ಮಗು ಬಿಕ್ಕಿತು, ಆಕಳಿಸಿತು, ಕೊನೆಗೆ ಅವರ ಕಿರುಬೆರಳು ಹಿಡಿದೇ ನಿದ್ದೆ ಹೋಯಿತು. ಬೆರಳು ಬಿಡಿಸಿಕೊಳ್ಳುವ ಧೈರ್ಯವಾಗದೆ ಅವರು ವರದಿಯನ್ನು ಅಲ್ಲೇ ಕೂತು ಒಂದೇ ಕೈಯಲ್ಲಿ ಮೊಬೈಲಿನಲ್ಲಿ ತುಂಬಿಸಿದರು.

"ಇವರಿಗೆ ಕೆಲಸ ಗೊತ್ತುಂಟು" ಎಂದರು ಅತ್ತೆ, ಚಹಾ ಕೊಡುತ್ತಾ. "ವಾರಕ್ಕೊಂದು ಪರಿಶೀಲನೆ ಇಡಿ ಮಾರಾಯರೆ."

ಆಗ ಅವರೂ ನಕ್ಕರು.

ಅನುದಾನ ಕೈಸೇರುವಾಗ ಸುಪ್ರೀತಾ ಹೆಣ್ಣು ಹೆತ್ತಾಗಿತ್ತು, ನಾಮಕರಣ ಇನ್ನೂ ಆಗಿರಲಿಲ್ಲ. ಹೊಸ ತೊಟ್ಟಿಲುಗಳಿಗೆ ಮಂಡಲದ ಹೆಸರೂ ಸರಕಾರದ ಹೆಸರೂ ಅಡಿಯಲ್ಲೇ ಬಿದ್ದವು. ಬಣ್ಣ ಒಣಗಿದ ಕೂಡಲೇ ಒಂದು ಸುಪ್ರೀತಾಳ ಕೋಣೆ ಸೇರಿತು.

ನಾಮಕರಣದ ದಿನ ಗಂಡನ ಕಡೆಯವರು ಬೆಳ್ತಂಗಡಿಯಿಂದ ಬಂದರು. ಅವರಲ್ಲಿ ದೊಡ್ಡಮ್ಮ ಒಬ್ಬರು ತೊಟ್ಟಿಲ ಮೇಲೆ ಕೈಯಾಡಿಸಿ, "ಒಳ್ಳೆ ಮರ. ಎಲ್ಲಿಂದ ತರಿಸಿದ್ದು ಮಗಳೇ?" ಎಂದು ಕೇಳಿದರು.

"ಮೂಡುಬಿದಿರೆಯಿಂದ ದೊಡ್ಡಮ್ಮ" ಎಂದಳು ಸುಪ್ರೀತಾ, ತಲೆ ಎತ್ತಿಯೇ. "ಹೊಸತು."

ಪಾಯಸದ ಪಾತ್ರೆ ಹಿಡಿದು ಅತ್ತಲೇ ಬಂದ ಶಶಿಪ್ರಭಾ ನಿಂತು ನೋಡಿದಳು. "ಚಂದ ಉಂಟು ಮಾರಾಯ್ತಿ. ಅಂಗಡಿ ಯಾವುದು ಅಂತ ನನಗೂ ಹೇಳು" ಎಂದವಳೇ ದೊಡ್ಡಮ್ಮನ ಲೋಟಕ್ಕೆ ಪಾಯಸ ಹೊಯ್ದು ಮುಂದೆ ಹೋದಳು.